ನೆತ್ತಿಗೆ ಕುಂಕುಮವಿಟ್ಟ ಜನರೇಟರ್

ಕೆಂಗೇರಿ ಉಪನಗರದಲ್ಲಿ ಗುಜರಿಯವನು ಈಗೀಗ ಸ್ವತಃ ಕೂಗುವುದಿಲ್ಲ. ಆಟೋದ ತಲೆಗೆ ಒಂದು ಮೈಕ್ ಕಟ್ಟಿರುತ್ತಾನೆ. ಅದರೊಳಗಿಂದ ಯಾರೋ ಒಬ್ಬ ಹೆಂಗಸು ಹಳೇ ಕಬ್ಬಿಣ, ಹಳೇ ಪೇಪರ್, ಹಳೇ ಫ್ರಿಡ್ಜು, ಕೆಟ್ಟುಹೋದ ಯುಪಿಎಸ್ ಬ್ಯಾಟರಿ ಎಂದು ಉಸಿರೇ ತೆಗೆದುಕೊಳ್ಳದೆ ಹೇಳುತ್ತಾ ಹೋಗುತ್ತಾಳೆ. ಆಕೆಗೆ ನಡುವೆ ಕೆಮ್ಮು ಬರುವುದಿಲ್ಲ, ಗಂಟಲೂ ಒಣಗುವುದಿಲ್ಲ. ನನ್ನ ಅಣ್ಣನ ಮನೆಯ ಮುಂದೆ ಬಂದಾಗ ಮಾತ್ರ ಆ ಆಟೋ ನಿಧಾನವಾಗುತ್ತದೆ. ಗೇಟಿನ ಪಕ್ಕದ ಸಂದಿಯಲ್ಲಿ ನೀಲಿ ಟಾರ್ಪಾಲು ಹೊದ್ದು ಕೂತಿರುವುದು ಏನು ಅಂತ ಗುಜರಿಯವನಿಗೆ ಎಂದೋ ಗೊತ್ತಾಗಿದೆ.

“ಆಂಟಿ, ಜನರೇಟರ್ ಕೊಡಲ್ವಾ? ಅದು ಓಡಲ್ಲ ತಾನೇ?”

“ಓಡತ್ತೆ. ನೀನು ಮುಂದಕ್ಕೆ ಹೋಗಪ್ಪ,” ಎನ್ನುತ್ತಾರೆ ನಮ್ಮ ಅತ್ತಿಗೆ ಜಯಮ್ಮ. ಹೇಳಿ ಒಳಗೆ ಬರುತ್ತಾರೆ. ಮೈಕಿನ ಹೆಂಗಸಿನ ದನಿ ಮುಂದಿನ ಕ್ರಾಸಿಗೆ ತಿರುಗುವವರೆಗೆ ಕಿಟಕಿಯಿಂದ ಆ ಟಾರ್ಪಾಲನ್ನೇ ನೋಡುತ್ತಿರುತ್ತಾರೆ.

ಅಣ್ಣ ಎಂದರೆ ನನಗಿಂತ ಬಹಳ ದೊಡ್ಡವನು, ಶಿವಣ್ಣ. ರಾಜಾಜಿನಗರದ ಹಳಬರ ಹತ್ತಿರ ಜನರೇಟರ್ ಶಿವಣ್ಣ ಅಂದು ನೋಡಿ, ಇವತ್ತಿಗೂ ಯಾರಾದರೊಬ್ಬರು ಓ ಎನ್ನುತ್ತಾರೆ. ಅಪ್ಪ ಬೇಗ ಹೋದರು. ಅಣ್ಣ ಮೊದಲು ಶಾಮಿಯಾನ ಕಟ್ಟುವವರ ಜೊತೆ ಕಂಬ ಹೊತ್ತ, ಆಮೇಲೆ ಸೀರಿಯಲ್ ಸೆಟ್ಟಿನ ಬಲ್ಬು ಪೋಣಿಸಿದ, ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಎಲ್ಲಿಂದಲೋ ಈ ಡೀಸೆಲ್ ಜನರೇಟರನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ವಠಾರದ ಅಂಗಳಕ್ಕೆ ತಂದ. ಅವತ್ತು ವಠಾರದವರೆಲ್ಲ ಹೊಸ ಸೊಸೆ ನೋಡುವ ಹಾಗೆ ಬಂದು ನೋಡಿದರು. ಅಮ್ಮ ಆರತಿ ಎತ್ತಿದಳು. ಅಂದಿನಿಂದ ನಮ್ಮ ಮನೆಯ ಹಾಸಿಗೆ, ದಿಂಬು, ಅನ್ನದ ಪಾತ್ರೆ ಎಲ್ಲಕ್ಕೂ ಡೀಸೆಲ್ ವಾಸನೆ. ನನ್ನ ಯೂನಿಫಾರ್ಮಿಗೂ. ಪಕ್ಕದಲ್ಲಿ ಕೂರುವ ಹುಡುಗಿ ಮೂಗು ಮುಚ್ಚಿಕೊಂಡಾಗ, ನಮ್ಮಣ್ಣನ ಹತ್ರ ಲಾರಿ ಇದೆ ಎಂದು ಬಿಟ್ಟೆ. ಲಾರಿ ನೋಡಲು ಅವಳು ಮನೆಗೇ ಬರುತ್ತೇನೆಂದು ಹಟ ಹಿಡಿದದ್ದು, ಲಾರಿ ಬಾಂಬೆಗೆ ಹೋಗಿದೆ ಎಂದು ನಾನು ವರ್ಷವೆಲ್ಲ ಅದನ್ನು ಬಾಂಬೆಯಲ್ಲೇ ನಿಲ್ಲಿಸಿದ್ದು ಬೇರೆ ಕಥೆ.

ಗಣೇಶನ ಆರ್ಕೆಸ್ಟ್ರಾ, ಅಣ್ಣಮ್ಮ ದೇವಿಯ ಪೂಜೆ, ನವೆಂಬರಿನ ರಾಜ್ಯೋತ್ಸವ, ಮದುವೆ, ಮುಂಜಿ, ಎಲ್ಲಿ ಜನ ಸೇರುತ್ತಾರೋ ಅದರ ಹಿಂದಿನ ಸಂದಿಯಲ್ಲಿ ನಮ್ಮಣ್ಣ. ಮುಂದುಗಡೆ ದೀಪ, ಹಿಂದುಗಡೆ ಅವನು ಮತ್ತು ಆ ಹೊಗೆ. ಜನರೇಟರನ್ನು ಒಂಟಿಯಾಗಿ ಬಿಟ್ಟು ಊಟಕ್ಕೂ ಹೋಗುತ್ತಿರಲಿಲ್ಲ. ಎಲೆಯಲ್ಲಿ ಕಟ್ಟಿಕೊಟ್ಟದ್ದನ್ನು ಅದರ ಪಕ್ಕದಲ್ಲೇ ಕೂತು ತಿನ್ನುತ್ತಿದ್ದ. “ಅದರ ಸದ್ದು ಬದಲಾದ್ರೆ ನನಗೆ ಹೊಟ್ಟೇಲಿ ಗೊತ್ತಾಗತ್ತೆ ಕಣೇ ನಾಗು,” ಎನ್ನುತ್ತಿದ್ದ.

ನನ್ನ ಮದುವೆಯ ಆಲ್ಬಮ್ ತೆರೆದರೆ ಎಲ್ಲರೂ ಇದ್ದಾರೆ. ನನ್ನ ಗಂಡನ ಕಡೆಯ ಯಾವುದೋ ಅಜ್ಜಿ, ಯಾರ ಕಡೆಯವರೂ ಅಲ್ಲದ ಒಬ್ಬ ಕನ್ನಡಕದವರು, ಹೋಳಿಗೆ ಹಿಡಿದ ಅಡುಗೆಯವರು, ಎಲ್ಲರೂ. ಅಣ್ಣ ಮಾತ್ರ ಇಲ್ಲ. ಮುಹೂರ್ತದ ಹೊತ್ತಿಗೆ ಸರಿಯಾಗಿ ಛತ್ರದ ಕರೆಂಟು ಕೈ ಕೊಟ್ಟಿತು. ಅಪ್ಪನ ಜಾಗದಲ್ಲಿ ನಿಂತು ಧಾರೆ ಎರೆಯಬೇಕಾದವನು ಪಂಚೆ ಎತ್ತಿ ಕಟ್ಟಿಕೊಂಡು ಹಿಂದಕ್ಕೆ ಓಡಿದ. ದೀಪ ಬಂತು, ಗಟ್ಟಿಮೇಳ ಆಯಿತು, ಧಾರೆಯನ್ನು ಚಿಕ್ಕಪ್ಪ ಎರೆದರು. ಆಮೇಲೆ ಕೈಗೆಲ್ಲ ಮಸಿ ಮೆತ್ತಿಕೊಂಡು ಬಂದು, “ಧಾರೆ ಆಯ್ತಾ?” ಎಂದು ಕೇಳಿದ. ಆಯಿತು ಎಂದೆ. “ನನ್ನ ಮಿಷನ್ ಒಂಚೂರೂ ಕೆಮ್ಮಲಿಲ್ಲ ನೋಡು,” ಎಂದು ಮೆಚ್ಚಿಕೊಂಡ. ಅವನಿಗೆ ಬೇಜಾರಾಗಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ನನಗಂತೂ ಆಗಿತ್ತು.

ಕಾಲಕ್ರಮೇಣ ಛತ್ರಗಳಿಗೆಲ್ಲ ಅವರದೇ ದೊಡ್ಡ ಜನರೇಟರುಗಳು ಬಂದವು, ಸದ್ದೇ ಇಲ್ಲದಂಥವು. ಅಣ್ಣನ ಯಂತ್ರದ ಬಡಬಡ ಯಾರಿಗೂ ಬೇಡವಾಯಿತು. ಕೊರೊನಾ ಬಂದಾಗ ಉಳಿದಿದ್ದ ಅಷ್ಟಿಷ್ಟು ಕೆಲಸವೂ ನಿಂತಿತು. ಡೀಸೆಲ್ ಟ್ಯಾಂಕಿನಲ್ಲಿದ್ದ ಹಾಗೇ ಅದನ್ನು ಕೆಂಗೇರಿಯ ಮನೆಯ ಸಂದಿಗೆ ನೂಕಿ, ಇಲಿ ನುಗ್ಗದಿರಲಿ ಎಂದು ಸೈಲೆನ್ಸರಿನ ಬಾಯಿಗೆ ಅತ್ತಿಗೆಯ ಹಳೇ ಸೀರೆಯ ತುಂಡು ತುರುಕಿ, ಟಾರ್ಪಾಲು ಹೊದಿಸಿದ. ಆಮೇಲೆ ಅದು ಹೊರಗೆ ಮುಖ ತೋರಿಸಿದ್ದು ಆಯುಧ ಪೂಜೆಗೆ ಮಾತ್ರ. ಅವತ್ತು ಅತ್ತಿಗೆ ಅದರ ಧೂಳು ಒರೆಸಿ, ಚೆಂಡುಹೂವಿನ ಹಾರ ಹಾಕಿ, ಮೈಗೆ ವಿಭೂತಿ ಎಳೆದು, ಟ್ಯಾಂಕಿನ ಮುಚ್ಚಳವನ್ನು ಅದರ ನೆತ್ತಿ ಎಂದು ತಿಳಿದು ಅಲ್ಲಿ ಅರಿಶಿನ ಕಲಸಿ ದಪ್ಪಗೆ ಹಚ್ಚಿ, ಮೇಲೆ ಕುಂಕುಮ ಒತ್ತುತ್ತಿದ್ದರು. ಓಡದ ಯಂತ್ರಕ್ಕೆ ಯಾಕಷ್ಟು ಅಂದರೆ, “ನಮಗೆ ಅನ್ನ ಹಾಕಿದೆ ಕಣೇ, ಬರೀ ನೆತ್ತಿಲಿ ಕೂರಿಸ್ತಾರಾ?” ಎನ್ನುತ್ತಿದ್ದರು.

ಅಣ್ಣನ ಎದೆ ಕೆಟ್ಟದ್ದು ಯಾವಾಗ ಎಂದು ಹೇಳುವುದು ಕಷ್ಟ. ಕೆಮ್ಮು ಮೊದಲಿಂದಲೂ ಇತ್ತು, ಮನೆಯ ಗಡಿಯಾರದ ಸದ್ದಿನಂತೆ ನಾವು ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆವು. ಆಮೇಲೆ ಮೆಟ್ಟಿಲು ಹತ್ತಲಾರದಾದ, ಆಮೇಲೆ ಬಚ್ಚಲಿಗೆ ಹೋಗಿಬರುವುದೇ ದೊಡ್ಡ ಪ್ರಯಾಣವಾಯಿತು. ಡಾಕ್ಟರು ಎಕ್ಸ್‌ರೇ ಹಿಡಿದುಕೊಂಡು, “ಬೀಡಿ ಸಿಗರೇಟು ತುಂಬಾ ಸೇದ್ತಿದ್ರಾ?” ಎಂದರು.

“ಇಲ್ಲ ಸಾರ್. ಮದುವೆ ಮಾಡಿಸ್ತಿದ್ದೆ,” ಎಂದ ಅಣ್ಣ.

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನೂ ಅತ್ತಿಗೆಯೂ ನಕ್ಕೆವು, ಹೊರಗೆ ಬೆಂಚಿಗೆ ಬಂದು ಅತ್ತೆವು.

ಆಸ್ಪತ್ರೆಯಲ್ಲಿ ಇಟ್ಟುಕೊಂಡರು, ಮೂಗಿಗೆ ಬಾಯಿಗೆ ಏನೇನೋ ಹಾಕಿದರು. ಕೈ ಕಟ್ಟಿಹಾಕಿದರು ಕೂಡ, ಕಿತ್ತುಕೊಳ್ಳುತ್ತಾನೆಂದು. ಬಿಟ್ಟು ಕಳಿಸುವ ದಿನ ಅಣ್ಣ ಅತ್ತಿಗೆಯ ಕೈ ಹಿಡಿದು, “ಇನ್ನೊಂದ್ಸಲ ಇಲ್ಲಿಗೆ ಕರ್ಕೊಂಬರಬೇಡ ಜಯಾ. ಏನಾಗ್ಬೇಕೋ ಮನೇಲೇ ಆಗ್ಲಿ,” ಎಂದ. ಅತ್ತಿಗೆ ಆಗಲಿ ಎಂದು ಮಾತು ಕೊಟ್ಟರು. ಮನೆಗೆ ಗಾಳಿಯಿಂದ ಆಮ್ಲಜನಕ ತೆಗೆದುಕೊಡುವ ಯಂತ್ರ ಬಂತು. ಮಂಚದ ಪಕ್ಕ ನಿಂತು ಹಗಲು ರಾತ್ರಿ ಗುಸುಗುಡುವುದು, ಅದರಿಂದ ಅಣ್ಣನ ಮೂಗಿಗೆ ಒಂದು ಕೊಳವೆ. ಅತ್ತಿಗೆಗೆ ಆ ಯಂತ್ರದ ಮೇಲೆ ನಂಬಿಕೆಯೇ ಇರಲಿಲ್ಲ. ಆಗಾಗ ಕೊಳವೆಯ ತುದಿಯನ್ನು ನನ್ನ ಅಂಗೈಗೆ ಹಿಡಿದು, “ಬರ್ತಾ ಇದ್ಯೇನೇ, ನೋಡು?” ಎನ್ನುತ್ತಿದ್ದರು. “ಬರ್ತಾ ಇದೆ ಅತ್ತಿಗೆ,” ಎಂದ ಮೇಲೆಯೇ ಅದು ಅಣ್ಣನ ಮೂಗಿಗೆ ವಾಪಸು ಹೋಗುತ್ತಿದ್ದದ್ದು. ನಾನು ವಿಜಯನಗರದ ಮನೆಯನ್ನು ಗಂಡನ ಪಾಲಿಗೆ ಬಿಟ್ಟು ಮೆಟ್ರೋ ಹತ್ತಿ ಇಲ್ಲಿಗೆ ಬಂದು ಇರತೊಡಗಿದೆ.

ಬೇಸಿಗೆಯ ಒಂದು ದಿನ ಮೊಬೈಲಿಗೆ ಮೆಸೇಜು ಬಂತು. ನಾಳೆ ಲೈನ್ ಕೆಲಸ, ಬೆಳಗಿನಿಂದ ಸಂಜೆವರೆಗೆ ಕರೆಂಟ್ ಇರುವುದಿಲ್ಲ. ಮನೆಯ ಯುಪಿಎಸ್ ಆ ಯಂತ್ರವನ್ನು ತುಸು ಹೊತ್ತು ಎಳೆಯುತ್ತದೆ, ಅಷ್ಟೇ. ಆಮ್ಲಜನಕದ ಒಂದು ಚಿಕ್ಕ ಸಿಲಿಂಡರು ಇತ್ತು, ಅದೂ ದಿನವಿಡೀ ಬರುವಂಥದ್ದಲ್ಲ. ದೊಡ್ಡ ಸಿಲಿಂಡರಿಗೆ ಹೇಳಿದೆವು. ನನ್ನ ಮುಖ ನೋಡಿ ಅತ್ತಿಗೆ, “ಯಾಕೆ ಹೆದರ್ಕೊತೀಯಾ? ಊರಿಗೆಲ್ಲ ಕರೆಂಟ್ ಕೊಟ್ಟ ಮನೆ ಇದು. ನಮ್ಮನೇಲೇ ಜನರೇಟರ್ ಇಲ್ವಾ?” ಎಂದರು. ನನಗೂ ಹೌದಲ್ಲ ಅನ್ನಿಸಿತು. ನೋಡಿ, ವರ್ಷವರ್ಷವೂ ಪೂಜೆ ಮಾಡಿದ್ದೇವೆ, ಆದ್ದರಿಂದ ಅದು ಚೆನ್ನಾಗಿಯೇ ಇರುತ್ತದೆ ಎಂದು ನಾವಿಬ್ಬರೂ ಮನಸಾರೆ ನಂಬಿದ್ದೆವು. ಹಿಂದಿನ ಸಂಜೆ ಒಮ್ಮೆ ಓಡಿಸಿ ನೋಡೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಫ್ಯಾನ್ ನಿಂತಿತು. ಮಹಡಿಯ ಮೇಲಿನ ಬಾಡಿಗೆಯವರು ಶರಣಪ್ಪ, ರಾಯಚೂರಿನ ಕಡೆಯವರು, ಇಲ್ಲಿ ವಾಚ್‌ಮನ್ ಕೆಲಸ. ನೈಟ್ ಡ್ಯೂಟಿ ಮುಗಿಸಿ ಆಗಷ್ಟೇ ಮಲಗಿದ್ದರು. ಎಬ್ಬಿಸಿದ್ದಕ್ಕೆ ಬೇಸರ ಪಡದೆ ಇಳಿದು ಬಂದರು. ಮೂವರೂ ಸೇರಿ ಜನರೇಟರನ್ನು ಗೇಟಿನ ಆಚೆಗೆ ದಬ್ಬಿದೆವು. ಹೊಗೆ ಒಳಗೆ ಬಾರದಿರಲೆಂದು ಅಣ್ಣನ ಕೋಣೆಯ ಕಿಟಕಿ ಮುಚ್ಚಿ, ವೈರು ಎಳೆದು, ಆಮ್ಲಜನಕದ ಯಂತ್ರದ ಸ್ಟೆಬಿಲೈಸರಿಗೆ ಕೊಟ್ಟೆವು. ಸೈಲೆನ್ಸರಿನ ಬಾಯಿಗೆ ತುರುಕಿದ್ದ ಸೀರೆ ಎಳೆದೆವು. ಇಲಿ ಒಳಗೆ ಹೋಗಿರಲಿಲ್ಲ, ಸೀರೆಯಲ್ಲೇ ಸಂಸಾರ ಹೂಡಿತ್ತು.

ಬ್ಯಾಟರಿ ಎಂದೋ ಸತ್ತಿತ್ತು. ಅಣ್ಣ ಮಂಚದಿಂದಲೇ ಬೆರಳು ತಿರುಗಿಸಿ ಹ್ಯಾಂಡಲ್ ಎಂದು ಸನ್ನೆ ಮಾಡಿದ. ಶರಣಪ್ಪ ಹ್ಯಾಂಡಲ್ ಹಾಕಿ ತಿರುಗಿಸಿದರು. ಜೋರು ಬಂದ ಮೇಲೆ ಇಂಜಿನ್ನಿನ ತಲೆಯ ಮೇಲಿನ ಪುಟ್ಟ ಲಿವರನ್ನು ಬೀಳಿಸಬೇಕು, ಆಗ ಹತ್ತಿಕೊಳ್ಳುತ್ತದೆ. ಆ ಕೆಲಸ ಅತ್ತಿಗೆಯದು, ಗಂಡನಿಗೆ ಎಷ್ಟೋ ಸಲ ಮಾಡಿಕೊಟ್ಟಿದ್ದರು. ನಾನು ಗೇಟಿಗೂ ಮಂಚಕ್ಕೂ ನಡುವೆ ಪೋಸ್ಟ್‌ಮ್ಯಾನ್.

ಜಪ್ಪಯ್ಯ ಅಂದರೂ ಹತ್ತಲಿಲ್ಲ. “ಡೀಸೆಲ್ ಹಳೇದು... ಪೂರ್ತಿ ಬಿಡು,” ಎಂದ ಅಣ್ಣ. ಕೆಳಗಿನ ಬೋಲ್ಟ್ ಬಿಚ್ಚಿದರೆ ಟೀ ಡಿಕಾಕ್ಷನ್ ಥರದ್ದು ಇಳಿಯಿತು, ವಾರ್ನಿಷ್ ವಾಸನೆ. ಶರಣಪ್ಪ ಬಂಕಿನವರನ್ನು ಕಾಡಿ ಬೇಡಿ ಕ್ಯಾನಿನಲ್ಲಿ ಹೊಸ ಡೀಸೆಲ್ ತಂದರು. ಅಷ್ಟರಲ್ಲಿ ಯುಪಿಎಸ್ ಕೀ ಎಂದು ಅತ್ತು ಸುಮ್ಮನಾಯಿತು. ಅಣ್ಣನನ್ನು ಚಿಕ್ಕ ಸಿಲಿಂಡರಿಗೆ ಹಾಕಿದೆವು. ಅದರ ಮುಳ್ಳು ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ದೊಡ್ಡ ಸಿಲಿಂಡರಿನವನಿಗೆ ಫೋನ್ ಮಾಡಿದರೆ ಮೈಸೂರು ರಸ್ತೆಯ ಟ್ರಾಫಿಕ್ಕಲ್ಲಿ ಇದೀನಿ ಮೇಡಂ ಎಂದ. ಎಲ್ಲಿ ಎಂದರೆ ಬರ್ತಾ ಇದೀನಿ ಎಂದ.

“ಏರ್ ಹಿಡಿದಿರುತ್ತೆ,” ಎಂದ ಅಣ್ಣ. ಪೈಪಿನ ಬೋಲ್ಟು ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಬಿಡಬೇಕಂತೆ. ಇಷ್ಟು ಹೇಳಲು ಅವನಿಗೆ ಎಷ್ಟು ಸಲ ನಿಲ್ಲಬೇಕಾಯಿತೋ. ಹಾಗೇ ಮಾಡಿದೆವು. ಹ್ಯಾಂಡಲ್ ತಿರುಗಿತು, ಅತ್ತಿಗೆ ಲಿವರ್ ಬೀಳಿಸಿದರು, ಒಂದು ಕಪ್ಪು ಹೊಗೆ ಬಿಟ್ಟು ಬಡಬಡ ಎಂದು ಹತ್ತಿಕೊಂಡಿತು! ನಾನು ಅಲ್ಲೇ ಅತ್ತಿಗೆಯನ್ನು ತಬ್ಬಿಕೊಂಡೆ. ಒಳಗೆ ಓಡಿ ನೋಡಿದರೆ ಅಣ್ಣನ ಮುಖದಲ್ಲಿ ನಗು. ಕೊಳವೆ ಬದಲಿಸಿ ಇನ್ನೇನು ಕೂರಬೇಕು, ಸದ್ದು ಸೊರಗಿತು. ಸೊರಗುತ್ತ ಸೊರಗುತ್ತ ನಿಂತೇಹೋಯಿತು.

ಡೀಸೆಲ್ ಮುಗಿದಿರಬಹುದೇ ಎಂದು ಮುಚ್ಚಳ ತೆಗೆದು ನೋಡಿದರೆ ಟ್ಯಾಂಕು ತುಂಬಾ ಇದೆ. ಮುಚ್ಚಿ, ಮತ್ತೆ ಏರ್ ತೆಗೆದು, ಮತ್ತೆ ತಿರುಗಿಸಿದೆವು. ಮತ್ತೆ ಹತ್ತಿತು, ಮತ್ತೆ ಸೊರಗಿ ನಿಂತಿತು. ಶರಣಪ್ಪ ರಟ್ಟೆ ಹಿಡಿದುಕೊಂಡು ಜಗುಲಿಯ ಮೇಲೆ ಕೂತುಬಿಟ್ಟರು. “ಅಕ್ಕಾರ, ಆಂಬುಲೆನ್ಸಿಗಿ ಹೇಳ್ರಿ. ನಂದೇನ್ ಇಲ್ಲ, ಸಂಜಿತನಾ ತಿರುಗಸ್ತೀನಿ. ಆದ್ರ ಅಣ್ಣಾರ್ ತಡಕೋಬೇಕಲ್ರೀ,” ಎಂದರು. ಅವರು ಹೇಳಿದ್ದು ಸರಿಯೇ. ನಾನು ಫೋನ್ ತೆಗೆದುಕೊಂಡು ಒಳಗೆ ಬಂದೆ. ಅಣ್ಣ ಫೋನನ್ನೂ ನನ್ನ ಮುಖವನ್ನೂ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದ. ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡ, ಯಾರೋ ಈಗಲೇ ಎಳೆದೊಯ್ಯುತ್ತಾರೆ ಎನ್ನುವ ಹಾಗೆ. ಎರಡಾಳಿನ ಬಲದಿಂದ ಜನರೇಟರ್ ಎತ್ತುತ್ತಿದ್ದ ಕೈ ಅದು, ಈಗ ಸರಳಿಗಿಂತ ಸಣ್ಣ.

“ಪಟಕ್ಕಂತ ನಿಲ್ತಾ... ಸೊರಗಿ ನಿಲ್ತಾ?” ಎಂದ.

“ಸೊರಗಿ.”

“ಮುಚ್ಚಳ ತೆಗ್ದಾಗ... ಸದ್ದು?”

ಯೋಚಿಸಿದೆ. ಹೌದು, ಸ್ಸ್ ಎಂದಿತ್ತು. ನಾನು ಅದನ್ನು ಗಮನಕ್ಕೇ ತೆಗೆದುಕೊಂಡಿರಲಿಲ್ಲ.

ಅಣ್ಣ ಕಣ್ಣು ಮುಚ್ಚಿದ. ಒಂದೊಂದೇ ಮಾತು ಹೆಕ್ಕಿ ಹೇಳಿದ. “ಮುಚ್ಚಳದಲ್ಲಿ ತೂತಿದೆ... ಸಣ್ಣದು. ಒಳಗೆ ಗಾಳಿ ಹೋದ್ರೆ ತಾನೇ... ಡೀಸೆಲ್ ಕೆಳಗೆ ಇಳಿಯೋದು. ಕಟ್ಕೊಂಡಿದೆ. ಪಾಪ... ಅದಕ್ಕೂ ಉಸಿರಾಡಕ್ಕೆ ಆಗ್ತಿಲ್ಲ.”

ಓಡಿಹೋಗಿ ಹೇಳಿದೆ. ಅತ್ತಿಗೆ ಮುಚ್ಚಳ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದರು. ಎಲ್ಲಿ ತೂತು? ನೆತ್ತಿಯ ತುಂಬ ಅರಿಶಿನ, ಕುಂಕುಮ, ಅದರ ಮೇಲೆ ಅರಿಶಿನ, ಮತ್ತೆ ಕುಂಕುಮ. ಎಷ್ಟೋ ಆಯುಧ ಪೂಜೆಗಳು ಒಂದರ ಮೇಲೊಂದು ಒಣಗಿ ಗಾರೆಯಾಗಿದ್ದವು. ಅತ್ತಿಗೆ ಅದನ್ನು ಉಗುರಿನಿಂದ ಕೆರೆದು ನೋಡಿದರು. “ನಾನೇ ಕಣೇ,” ಎಂದರು. “ನಾನೇ ಮುಚ್ಚಿದ್ದು.” ಮುಚ್ಚಳ ಸಡಿಲ ಮಾಡಿ ಇಟ್ಟರೂ ನಡೀತದ್ರೀ ಎಂದರು ಶರಣಪ್ಪ. ಅತ್ತಿಗೆ ಕೇಳಲಿಲ್ಲ. ಮಾಂಗಲ್ಯದ ಸರವನ್ನು ಸೆರಗಿನಿಂದ ಹೊರಗೆಳೆದರು.

ಆ ಸರದ ಬಗ್ಗೆ ಹೇಳಬೇಕು. ಅದರಲ್ಲಿ ಯಾವಾಗಲೂ ಒಂದು ಗೊಂಚಲು ಸೇಫ್ಟಿ ಪಿನ್ನು. ನಮ್ಮ ಕಡೆ ಹೆಂಗಸರಿಗೆಲ್ಲ ಇದೇ ಅಭ್ಯಾಸ, ನನಗೂ ಇದೆ. ಲಂಗದ ಲಾಡಿ ಪೋಣಿಸಲು, ಮುಳ್ಳು ತೆಗೆಯಲು, ಬಸ್ಸಿನಲ್ಲಿ ಮೈಮೇಲೆ ಬೀಳುವವರಿಗೆ ಬುದ್ಧಿ ಕಲಿಸಲು. ಅಣ್ಣ ರೇಗಿಸುತ್ತಿದ್ದ: “ನಿಮ್ಮತ್ತಿಗೆ ಕತ್ತಲ್ಲಿ ತಾಳಿಗಿಂತ ಪಿನ್ನೇ ಜಾಸ್ತಿ. ನಾನು ಹೋದ್ರೂ ಹಾರ್ಡ್‌ವೇರ್ ಅಂಗಡಿ ಇಟ್ಕೊಂಡು ಬದುಕ್ತಾಳೆ.” ಅತ್ತಿಗೆ ಅದರಿಂದ ಒಂದು ಪಿನ್ನು ಬಿಡಿಸಿ, ತಾವೇ ಇಟ್ಟ ಕುಂಕುಮವನ್ನು ಕೆದಕಿದರು. ಕೆಂಪು ಪುಡಿ ಉದುರಿತು. ಅಡಿಯಲ್ಲಿ ಸಾಸಿವೆಗಿಂತ ಚಿಕ್ಕ ತೂತು ಕಾಣಿಸಿತು. ಚುಚ್ಚಿ, ತಿರುವಿ, ಬೆಳಕಿಗೆ ಹಿಡಿದರು. ಆಕಾಶ ಕಂಡಿತು.

ಈ ಸಲ ಹತ್ತಿಕೊಂಡದ್ದು ನಿಲ್ಲಲಿಲ್ಲ. ಸಿಲಿಂಡರಿನ ಮುಳ್ಳು ಕೆಂಪಿಗೆ ಬಂದಿತ್ತು, ಕೊಳವೆಯನ್ನು ಯಂತ್ರಕ್ಕೆ ಬದಲಿಸಿದೆವು. ಅತ್ತಿಗೆ ಅಭ್ಯಾಸದಂತೆ ತುದಿಯನ್ನು ನನ್ನ ಅಂಗೈಗೆ ಹಿಡಿದರು. ಬರುತ್ತಿತ್ತು. ಶರಣಪ್ಪ ನಿದ್ದೆ ಮರೆತು ಸಂಜೆಯವರೆಗೂ ಗೇಟಿನ ಹತ್ತಿರವೇ ಕೂತರು. ದೊಡ್ಡ ಸಿಲಿಂಡರು ಬಂದದ್ದು ಎಲ್ಲ ಮುಗಿದ ಮೇಲೆ. ಅಷ್ಟೂ ಹೊತ್ತು ಅಣ್ಣ ನಿದ್ದೆ ಮಾಡಿದ. ಎಷ್ಟೋ ತಿಂಗಳಿಂದ ಅರ್ಧ ಕೂತೇ ತೂಕಡಿಸುತ್ತಿದ್ದವನು, ಬೀದಿಯವರೆಲ್ಲ ಶಾಪ ಹಾಕುವಂಥ ಆ ಬಡಬಡದ ನಡುವೆ ಬಾಯಿ ತೆರೆದು ಮಲಗಿದ್ದ.

ಕರೆಂಟು ಬಂತು. ಜನರೇಟರ್ ನಿಲ್ಲಿಸಿದೆವು. ಆ ನಿಶ್ಶಬ್ದಕ್ಕೆ ಅಣ್ಣನಿಗೆ ಎಚ್ಚರವಾಯಿತು. ಎಲ್ಲಿದ್ದೇನೆಂದು ತಿಳಿಯದವನ ಹಾಗೆ ಸುತ್ತ ನೋಡಿದ. ನನ್ನನ್ನು ನೋಡಿ, “ಯಾಕೆ ನಿಲ್ಸಿದ್ರು? ಧಾರೆ ಆಯ್ತಾ?” ಎಂದ.

“ಆಯ್ತು ಅಣ್ಣ,” ಎಂದೆ.

“ಮಿಷನ್ ಕೆಮ್ಮಲಿಲ್ಲ ತಾನೇ?”

“ಇಲ್ಲ. ಒಂಚೂರೂ ಇಲ್ಲ.”

ಆಷಾಢದಲ್ಲಿ ಅಣ್ಣ ಹೋದ. ಮನೆಯಲ್ಲೇ, ತನ್ನ ಮಂಚದ ಮೇಲೆ, ಬೇಕಾದಷ್ಟು ಕರೆಂಟು ಇದ್ದ ದಿನ. ಯಂತ್ರ ಗುಸುಗುಡುತ್ತಲೇ ಇತ್ತು. ಅತ್ತಿಗೆ ಕೊಳವೆಯನ್ನು ನನ್ನ ಅಂಗೈಗೆ ಹಿಡಿದು, “ಬರ್ತಾ ಇದ್ಯೇನೇ?” ಎಂದರು. ಬರುತ್ತಿತ್ತು. ತೆಗೆದುಕೊಳ್ಳುವವನೇ ಇರಲಿಲ್ಲ. ಕೊಟ್ಟ ಮಾತು ಉಳಿಯಿತು ಎಂದು ಬಂದವರೆಲ್ಲ ಅತ್ತಿಗೆಗೆ ಸಮಾಧಾನ ಹೇಳಿದರು. ಆ ಸಮಾಧಾನವನ್ನು ಇಟ್ಟುಕೊಂಡು ಏನು ಮಾಡಬೇಕೋ ನಮಗಂತೂ ತಿಳಿಯಲಿಲ್ಲ.

ಸಾವಾದ ಮನೆಗೆ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಈ ಸಲದ ಆಯುಧ ಪೂಜೆಗೆ ಬೀದಿಯಲ್ಲಿ ಆಟೋ, ಸ್ಕೂಟರುಗಳೆಲ್ಲ ಬಾಳೆಕಂದು ಕಟ್ಟಿಕೊಂಡು ನಿಂತಿದ್ದವು, ಬೂದುಗುಂಬಳ ಒಡೆದು ರಸ್ತೆಯೆಲ್ಲ ಕೆಂಪು. ಅತ್ತಿಗೆ ಒಬ್ಬರೇ ಇರುತ್ತಾರೆಂದು ನಾನು ವಿಜಯನಗರದಿಂದ ಬಂದಿದ್ದೆ. ನೋಡಿದರೆ ಸಂದಿಯಲ್ಲಿ ಟಾರ್ಪಾಲು ಸರಿಸಿ, ಬಟ್ಟೆ ಹಿಡಿದು ಕೂತಿದ್ದಾರೆ.

“ಪೂಜೆ ಏನಿಲ್ಲ ಕಣೇ. ಧೂಳು ಒರೆಸೋಣ ಅಂತ,” ಎಂದರು.

ನಾನೂ ಒಂದು ಬಟ್ಟೆ ತೆಗೆದುಕೊಂಡೆ. ಹೂವಿಲ್ಲ, ವಿಭೂತಿಯಿಲ್ಲ. ಮೈಯೆಲ್ಲ ಒರೆಸಿಯಾದ ಮೇಲೆ ಅತ್ತಿಗೆ ಮುಚ್ಚಳ ಬಿಚ್ಚಿದರು. ಯಾರೂ ಕುಂಕುಮ ಹಚ್ಚಿರಲಿಲ್ಲ, ತೂತು ಕಟ್ಟಿಕೊಳ್ಳಲು ಕಾರಣವೇ ಇರಲಿಲ್ಲ. ಆದರೂ ಅವರ ಬಲಗೈ ತನ್ನಷ್ಟಕ್ಕೆ ಕತ್ತಿಗೆ ಹೋಯಿತು. ಅಲ್ಲಿ ಹುಡುಕಿತು. ಸರವಿಲ್ಲ. ಕೈ ಅಲ್ಲೇ ನಿಂತಿತು.

ನನಗೆ ತಡೆಯಲಾಗಲಿಲ್ಲ. ನನ್ನ ಸರ ಹೊರಗೆಳೆದು ಪಿನ್ನು ಬಿಡಿಸಲು ಹೋದೆ.

“ಬೇಡ್ವೇ. ನಿನ್ನ ಸರದಿಂದ ತೆಗೀಬೇಡ. ಒಳಗೆ ಹಾಕ್ಕೋ ಅದನ್ನ,” ಎಂದರು ಅತ್ತಿಗೆ, ಹೆದರಿಕೊಂಡವರ ಹಾಗೆ. ಆಮೇಲೆ ಮುಚ್ಚಳವನ್ನು ಸೆರಗಿನಲ್ಲಿ ಒರೆಸಿ, ತುಟಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಊದಿದರು. ಡೀಸೆಲ್ ವಾಸನೆಗೆ ಕೆಮ್ಮಿದರು. ಇನ್ನೊಮ್ಮೆ ಊದಿ, ಮುಚ್ಚಳದಿಂದ ಬಾಯಿ ತೆಗೆದು ನನ್ನನ್ನು ನೋಡಿದರು. ನಾನು ಅಂಗೈಯನ್ನು ತೂತಿನ ಆ ಬದಿಗೆ ಹಿಡಿದೆ.

“ಬರ್ತಾ ಇದ್ಯೇನೇ?”

ಕೇಳಿ ಮತ್ತೆ ಊದಿದರು. ಬೆಚ್ಚಗೆ, ಒಂದು ಎಳೆಯಷ್ಟು ಗಾಳಿ, ನನ್ನ ಅಂಗೈಗೆ ತಾಗುತ್ತಿತ್ತು.

“ಬರ್ತಾ ಇದೆ ಅತ್ತಿಗೆ,” ಎಂದೆ.